ಡ್ರಮ್ಮಿನೊಳಗಿನ ಕೆಂಪು ಉಣ್ಣೆ

ವಾಲ್ದೆಮಾರನ ಹೆಣ ಇನ್ನೂ ಮನೆಯಲ್ಲಿದ್ದಾಗಲೇ ಎಚಾರ್ತೆ ಆ ಮಾತು ಆಡಿದ. ಶವಪೆಟ್ಟಿಗೆಯ ಪಕ್ಕ ನಿಂತು, ಟೊಪ್ಪಿಗೆ ತೆಗೆದು, ಬೋಳುತಲೆ ಸವರಿಕೊಂಡು, ಬಂದವರಿಗೆಲ್ಲ ಕೇಳುವಂತೆ ಹೇಳಿದ.

"ಒಳ್ಳೇ ಮನುಷ್ಯ. ಡ್ರಮ್ಮೇ ಕೆಟ್ಟದ್ದು ಸಿಕ್ತು, ಪಾಪ. ಒಳ್ಳೇ ಡ್ರಮ್ಮಿದ್ದಿದ್ರೆ ಎಲ್ಲೋ ಇರ್ತಿದ್ದ."

ಯಾರೋ ಹೂಂ ಅಂದರು. ಸಾವಿನ ಮನೆಯಲ್ಲಿ ಏನಂದರೂ ಹೂಂ ಅನ್ನುವವರು ಇರುತ್ತಾರೆ. ಹೆಂಡತಿ ನಿಲ್ದಾ ಬಾಗಿಲ ಹತ್ತಿರ ಕಾಫಿ ಲೋಟ ಜೋಡಿಸುತ್ತಿದ್ದಳು. ಅವಳಿಗೆ ಕೇಳಿಸಿತು. ಕೈ ನಿಲ್ಲಿಸಲಿಲ್ಲ.

ಗಂಡನನ್ನು ಮಣ್ಣಿಗೆ ಹಾಕಿ ಬಂದಳು. ಆ ಮಾತನ್ನು ಹಾಕಲಿಲ್ಲ. ಮನೆಗೆ ತಂದಳು.

ಮೊಂತೆವಿದೇಯೊ ಊರಿನ ಲಾ ಉನಿಯೋನ್ ಕೇರಿಯಲ್ಲಿ ಅವಳ ಮನೆ. ಎರಡು ಕೋಣೆ, ಹಿಂದೆ ಒಂದು ನಿಂಬೆ ಗಿಡ. ಅವಳು ಉಣ್ಣೆ ಗಿರಣಿಯಲ್ಲಿ ಕೆಲಸ ಮಾಡಿದವಳು, ಗಿರಣಿ ಮುಚ್ಚುವವರೆಗೆ. ವಾಲ್ದೆಮಾರ್ ಹಗಲು ಬಸ್ಸು ತೊಳೆಯುತ್ತಿದ್ದ, ಶನಿವಾರ ಕ್ಲಬ್ಬುಗಳಲ್ಲಿ ಕುಣಿಯುವವರಿಗೆ ಡ್ರಮ್ಮು ಬಾರಿಸುತ್ತಿದ್ದ. ಅವನ ಡ್ರಮ್ ಸೆಟ್ಟು ಜಪಾನಿನದು. ಮೀನಿನ ಹಡಗಿನವನೊಬ್ಬ ಬಂದರಿನಲ್ಲಿ ಮಾರಿ ಹೋಗಿದ್ದ. ಬೆಳ್ಳಿ ಬಣ್ಣದ ಹೊದಿಕೆ, ತವರದ ಬಿಲ್ಲೆ, ಬಿಲ್ಲೆಯ ಮೇಲೆ ಯಾರೂ ಕೇಳಿರದ ಒಂದು ಇಂಗ್ಲಿಷ್ ಹೆಸರು. ಆ ಕಾಲದಲ್ಲಿ ಅಲ್ಲಿನ ಕಾರ್ಖಾನೆಯವರು ಒಂದೇ ಡ್ರಮ್ಮಿಗೆ ಅಂಗಡಿಯವನು ಕೇಳಿದ ಹೆಸರು ಅಂಟಿಸಿ ಕಳಿಸುತ್ತಿದ್ದರು. ಬಡವರ ಡ್ರಮ್ಮು. ತೆಳು ಹಲಗೆಗಳನ್ನು ಅಂಟಿಸಿ ಬಗ್ಗಿಸಿದ್ದು. ತಂದ ದಿನ ಬಾರಿಸಿದರೆ ಹಳೇ ಪೆಟ್ಟಿಗೆ ಬಡಿದಂತಿತ್ತು.

ವಾಲ್ದೆಮಾರ್ ಬಿಡಲಿಲ್ಲ. ಕಿಟಕಿಯ ಗಾಜು ತೆಗೆದು ಮೇಜಿನ ಮೇಲಿಟ್ಟು, ಅದಕ್ಕೆ ಉಪ್ಪುಕಾಗದ ಅಂಟಿಸಿ, ಒಂದೊಂದು ಡ್ರಮ್ಮನ್ನೂ ಕವುಚಿ ತಿರುವಿ ತಿರುವಿ ಉಜ್ಜಿದ. ತೊಗಲು ಕೂರುವ ಅಂಚು ಎಲ್ಲೂ ಏರುಪೇರಾಗದಂತೆ ಉಜ್ಜಿದ. ಚಳಿಗಾಲ ಪೂರ್ತಿ ಕಿಟಕಿಗೆ ರಟ್ಟು. ಸಾರಿನ ಪಾತ್ರೆಯಲ್ಲೂ ಮರದ ಪುಡಿ. ನಿಲ್ದಾ ಬೈದಳು. ವಸಂತ ಬರುವ ಹೊತ್ತಿಗೆ ಆ ಡ್ರಮ್ಮು ಹಾಡತೊಡಗಿತು. ಅವಳು ಬಯ್ಯುವುದು ಬಿಟ್ಟಳು.

ಒಂದು ದೋಷ ಉಳಿಯಿತು. ಡ್ರಮ್ಮಿನ ಮೈಗೆ ಸುತ್ತಲೂ ಲೋಹದ ಸಣ್ಣ ಗೂಡುಗಳಿರುತ್ತವೆ, ತೊಗಲು ಬಿಗಿಯುವ ಸ್ಕ್ರೂ ಕೂರುವುದಕ್ಕೆ. ಗೂಡಿನೊಳಗೆ ಒಂದೊಂದು ಸ್ಪ್ರಿಂಗು. ನಿಧಾನದ ಹಾಡು ಬಂದಾಗ, ಜೋಡಿಗಳು ಕೆನ್ನೆಗೆ ಕೆನ್ನೆ ಕೊಟ್ಟು ಕುಣಿಯುವಾಗ, ಆ ಸ್ಪ್ರಿಂಗುಗಳು ಸೊಳ್ಳೆಯಂತೆ ಗುಂಯ್‌ಗುಟ್ಟುತ್ತಿದ್ದವು. ವಾಲ್ದೆಮಾರನಿಗೆ ನಿದ್ದೆ ಬರುತ್ತಿರಲಿಲ್ಲ.

ನಿಲ್ದಾ ತನ್ನ ಮದುವೆಯ ಕೋಟು ತೆಗೆದಳು. ಗಿರಣಿಯ ಬಟ್ಟೆಯದು. ದ್ರಾಕ್ಷಾರಸದ ಕೆಂಪು, ನಡುನಡುವೆ ಬೂದಿ ಚುಕ್ಕೆ. ನೇಯ್ಗೆಯಲ್ಲಿ ತಪ್ಪಿದ್ದರಿಂದ ಕೆಲಸದವರಿಗೆ ಕೊಟ್ಟಿದ್ದರು. ಅದರ ಕೆಳಗಿನ ಅಂಚನ್ನು ಸುತ್ತಲೂ ಕತ್ತರಿಸಿ, ಚೂರು ಚೂರು ಮಾಡಿ, ಒಂದೊಂದು ಗೂಡಿಗೂ ಒಂದೊಂದು ತುರುಕಿದಳು. ಗುಂಯ್‌ಗುಟ್ಟುವುದು ನಿಂತಿತು. ಆಮೇಲೆ ಅವಳು ಮೊಣಕಾಲಿಗೆ ಬರುವ ಕೋಟು ಹಾಕಿ ಓಡಾಡಿದಳು. ಕೇರಿಯವರು "ಏನ್ ನಿಲ್ದಾ, ಮಳೇಲಿ ನೆನೆದು ಕುಗ್ತಾ?" ಅಂದರು. "ಹೂಂ, ನಿಮ್ಮ ಬುದ್ಧಿ ಥರ" ಅಂದಳು.

ವಾಲ್ದೆಮಾರನಿಗೆ ಶ್ವಾಸಕೋಶದ ಕಾಯಿಲೆ ಬಂತು. ಆಸ್ಪತ್ರೆ ಸೇರಿದ. ಸೇರಿದ ವಾರವೇ ಎಚಾರ್ತೆ ಮನೆಗೆ ಬಂದ, ಬೇಕರಿಯ ಕಾಗದದ ಪೊಟ್ಟಣದಲ್ಲಿ ಬಿಸಿ ಬಿಸ್ಕತ್ತು ಹಿಡಿದು. ಭಾನುವಾರದ ಸಂತೆಯಲ್ಲಿ ಹಳೇ ವಾದ್ಯ ಮಾರುವವನು. ಡ್ರಮ್ಮಿನ ವಿಷಯದಲ್ಲಿ ಆ ಊರಲ್ಲಿ ಅವನ ಮಾತೇ ಮಾತು. ಅವನು ಬೆರಳ ಗೆಣ್ಣಿನಿಂದ ಬಡಿದು ತಲೆಯಾಡಿಸಿದರೆ ವಾದ್ಯ, ಮೂಗು ಮುರಿದರೆ ಸೌದೆ.

ನಿಲ್ದಾ ಸೋರೆಬುರುಡೆಗೆ ಯೆರ್ಬಾ ಎಲೆ ತುಂಬಿ ಬಿಸಿನೀರು ಹುಯ್ದು ಕೊಟ್ಟಳು. ಅವನು ಕೊಳವೆಯಲ್ಲಿ ಹೀರುತ್ತ ಡ್ರಮ್ಮುಗಳ ಸುತ್ತ ಒಂದು ಸುತ್ತು ಬಂದ. ಬಡಿದ. ಮೂಗು ಮುರಿದ.

"ಅಡುಗೆಮನೆ ಬೀರುವಿನ ಹಲಗೆ, ದೊನ್ಯಾ ನಿಲ್ದಾ. ಯಾರೂ ಮುಟ್ಟಲ್ಲ ಇದನ್ನ. ನಿಮ್ಮ ಕಷ್ಟ ನೋಡೋಕಾಗಲ್ಲ ಅಂತ ನಾನೇ ತಗೊಂಡು ಹೋಗ್ತೀನಿ."

"ಅವರನ್ನ ಒಂದು ಮಾತು ಕೇಳ್ಬೇಕು."

"ಕಾಯಿಲೆಯವನ ತಲೆಗೆ ಯಾಕೆ ಹಚ್ತೀರಿ? ಔಷಧಿ ಬೇಕಲ್ವಾ? ಔಷಧಿ ಕೇಳ್ಕೊಂಡು ಕೂರತ್ತಾ?"

ಡ್ರಮ್ಮು ಒಯ್ದು ಅವನು ಕೊಟ್ಟ ಹಣದಲ್ಲಿ ಕೆಲವು ಸೂಜಿಮದ್ದು ಬಂದವು, ಅಷ್ಟೇ. ಅವನ ಬಿಸ್ಕತ್ತನ್ನು ಅವಳು ತಿಂದಳು ಕೂಡ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆ ಬಿಸ್ಕತ್ತಿನ ರುಚಿ ಆಮೇಲೆ ಎಷ್ಟು ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ವಾಲ್ದೆಮಾರ್ ಮಂಚದ ಕಂಬಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಕೇಳುತ್ತಿದ್ದ. "ಡ್ರಮ್ಮಿಗೆ ಹೊದಿಸಿದೀಯಾ? ಥಂಡಿ ತಾಗಿದ್ರೆ ಮರ ಬಿಟ್ಕೊಳತ್ತೆ."

"ಹೊದಿಸಿದೀನಿ."

"ಕಂಬಳೀಲಾ?"

"ಕಂಬಳೀಲಿ."

ದಿನಾ ಕೇಳಿದ. ದಿನಾ ಅದನ್ನೇ ಹೇಳಿದಳು. ಜೂನ್ ತಿಂಗಳಲ್ಲಿ ಅವನು ಸತ್ತ, ಮನೆಯಲ್ಲಿ ಕಂಬಳಿ ಹೊದ್ದ ಡ್ರಮ್ಮಿದೆ ಅಂದುಕೊಂಡು. ಸಾಯುವವನ ಮುಖ ನೋಡಿ ಸುಳ್ಳು ಹೇಳುವ ಹಾಗೆ ಮಾಡಿದವನು ಎಚಾರ್ತೆ. ಅದೇ ಎಚಾರ್ತೆ ಬಂದು ಹೆಣದ ಮುಂದೆ ಆ ಮಾತೂ ಆಡಿ ಹೋದ. ನಿಲ್ದಾ ಹಲ್ಲು ಕಚ್ಚಿಕೊಂಡಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಆ ನೀರನ್ನು ತನ್ನ ಕೈಯಿಂದಲೇ ಕುಡಿಸಬೇಕು ಅಂದುಕೊಂಡಳು. ಹೇಗೆ ಅಂತ ಗೊತ್ತಿರಲಿಲ್ಲ.

ಮರುವರ್ಷ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಮಳೆ. ಮಳೆ ಬಂತೆಂದರೆ ಆ ಊರಲ್ಲಿ ಎಲ್ಲರ ಮನೆಯಲ್ಲೂ ಬಾಣಲೆ ಏರುತ್ತದೆ. ನಿಲ್ದಾ ಹಿಟ್ಟು ತಟ್ಟಿ ಕೊಬ್ಬಿನಲ್ಲಿ ರೊಟ್ಟಿ ಕರಿಯುತ್ತಿದ್ದಳು. ವಾಸನೆ ಹಿಡಿದು ಪೀರಿಸ್ ಬಂದ. ವಾಲ್ದೆಮಾರನ ಜಾಗದಲ್ಲಿ ಈಗ ಅದೇ ಆರ್ಕೆಸ್ಟ್ರಾದಲ್ಲಿ ಬಾರಿಸುವವನು ಅವನು. ಮೂವತ್ತು ದಾಟಿದ್ದ, ಮದುವೆಯಿಲ್ಲ, ಉದ್ದ ಕಾಲು, ಬಾಯಿ ಮಾತ್ರ ತೂತಿನ ಕೊಡ.

"ದೊನ್ಯಾ, ಕೊನೆಗೂ ಸಿಕ್ತು!"

"ಹೆಂಡ್ತೀನಾ?"

"ಅದ್ಯಾರಿಗೆ ಬೇಕು? ಡ್ರಮ್ ಸೆಟ್ಟು! ಶಿಕಾಗೋದು. ಎಚಾರ್ತೆ ಹತ್ರ. ಕಪ್ಪು ಹೊದಿಕೆ, ಬಿಲ್ಲೆ ಫಳಫಳ ಅಂತಿದೆ. ಅದರ ಸೊಲ್ಲು ಕೇಳ್ಬೇಕು ನೀವು. ಅಪ್ಪನ ಮೋಟಾರ್ ಬೈಕು ಮುಂಗಡ ಬಿಟ್ಟಿದೀನಿ. ಮಿಕ್ಕಿದ್ದು ಭಾನುವಾರ ಕೊಟ್ಟು ತರೋದು."

"ಶಿಕಾಗೋದು ಅಂತ ಬಿಲ್ಲೆ ಹೇಳ್ತಾ? ಬಿಲ್ಲೆ ಯಾರು ಬೇಕಾದ್ರೂ ಹೊಡೀಬೋದು."

"ಅಯ್ಯೋ ಅದು ನಂಗೂ ಗೊತ್ತು! ಆದ್ರೆ ಎಚಾರ್ತೆ ಗೂಡು ಬಿಚ್ಚಿ ತೋರ್ಸಿದ. ಒಳಗೆ ಕೆಂಪು ಉಣ್ಣೆ ಇಟ್ಟಿದಾರೆ ದೊನ್ಯಾ, ಸ್ಪ್ರಿಂಗು ಸದ್ದು ಮಾಡ್ಬಾರ್ದು ಅಂತ. ಅಷ್ಟು ಮುತುವರ್ಜಿ ಶಿಕಾಗೋ ಕಾರ್ಖಾನೆಯವರು ಬಿಟ್ರೆ ಯಾರೂ ಮಾಡಲ್ವಂತೆ. ಅದೇ ಗುರುತಂತೆ."

ನಿಲ್ದಾಳ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು.

"ಎಂಥ ಕೆಂಪು?"

"ದ್ರಾಕ್ಷಾರಸದ ಕೆಂಪು. ಮಧ್ಯೆ ಬೂದಿ ಬೂದಿ ಚುಕ್ಕೆ. ದೊನ್ಯಾ, ರೊಟ್ಟಿ ಸುಡ್ತಿದೆ!"

"ಸುಡ್ಲಿ."

ಅವನಿಗೆ ಏನೂ ಹೇಳಲಿಲ್ಲ. ಹೇಳಿದರೆ ಮಳೆ ನಿಲ್ಲುವ ಮೊದಲೇ ಸಂತೆಗೆ ತಲುಪುತ್ತಿತ್ತು. "ಭಾನುವಾರ ನಾನೂ ಬರ್ತೀನಿ" ಅಂದಳು, ಅಷ್ಟೇ. ಅವನು ಹೋದ ಮೇಲೆ ಟ್ರಂಕು ತೆಗೆದು ಕೋಟು ಹರಡಿದಳು. ಬಲಗಡೆ ಜೇಬಿನ ಕೆಳಗೆ ಹಿಂದೆ ನುಸಿ ತಿಂದ ತೂತಿತ್ತು. ಕೆಂಪು ದಾರ ಇರಲಿಲ್ಲವೆಂದು ಹಳದಿ ದಾರದಲ್ಲಿ ನೇಯ್ದು ಮುಚ್ಚಿದ್ದಳು. ಅಂಚು ಕತ್ತರಿಸಿದಾಗ ಕತ್ತರಿ ಸರಿಯಾಗಿ ಅದರ ನಡುವೆ ಹೋಗಿತ್ತು. ಅರ್ಧ ಹಳದಿ ಕೋಟಿನಲ್ಲಿ ಉಳಿದಿತ್ತು. ಇನ್ನರ್ಧ ಎಚಾರ್ತೆಯ ಶಿಕಾಗೋದಲ್ಲಿತ್ತು.

ಎಚಾರ್ತೆ ಹೇಗೆ ಮೋಸಹೋದನೆಂದು ಅವಳಿಗೆ ಅರ್ಥವಾಯಿತು. ಹೊದಿಕೆ ಬದಲಿಸುವಾಗ ಅವನು ಗೂಡುಗಳನ್ನು ಬಿಚ್ಚಲೇಬೇಕು. ಬಿಚ್ಚಿದಾಗ ಉಣ್ಣೆ ಕಂಡಿರಬೇಕು. ಒಳ್ಳೇ ಕಾರ್ಖಾನೆಯವರು ಅಲ್ಲಿ ಬಟ್ಟೆ ತುಂಬುವುದುಂಟು ಅಂತ ಅವನು ಓದಿದ್ದನೋ ಕೇಳಿದ್ದನೋ. ಬಡವರ ಡ್ರಮ್ಮಿಗೆ ಹೆಂಗಸೊಬ್ಬಳು ಕೋಟು ಕೊಯ್ದು ತುಂಬಿಯಾಳೆಂದು ಅವನ ತಲೆಗೆ ಹೋಗಲೇ ಇಲ್ಲ. ಹಾಗೇ ಬಿಟ್ಟ. ಬಿಟ್ಟದ್ದಲ್ಲದೆ ಅದನ್ನೇ ಸಾಕ್ಷಿ ಮಾಡಿಕೊಂಡ.

ಭಾನುವಾರ ಮೂಗು ಕೊಯ್ಯುವ ಚಳಿ. ಅಂಥ ಚಳಿಯಲ್ಲೂ ನಿಲ್ದಾ ಕೋಟು ಹಾಕದೆ ಅದನ್ನು ಸಂತೆಚೀಲದಲ್ಲಿ ಮಡಿಸಿಟ್ಟುಕೊಂಡು ಹೋದಳು. ಸಂತೆ ಸೇರುವ ತ್ರಿಸ್ತಾನ್ ನರ್ವಾಹಾ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಕೆಂದೇ ಜನ ಕಿಕ್ಕಿರಿಯುವ ಹೊತ್ತಿಗೆ ಹೋಗಿದ್ದಳು. ಹಳೇ ನಲ್ಲಿ ಮಾರುವ ಡುಮ್ಮನ ಪಕ್ಕದಲ್ಲಿ ಎಚಾರ್ತೆಯ ಜಾಗ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಯೆರ್ಬಾ ಬುರುಡೆ, ಮುಂದೆ ಕಪ್ಪಗೆ ಹೊಳೆಯುವ ಡ್ರಮ್ ಸೆಟ್ಟು. ಪೀರಿಸ್ ಆಗಲೇ ಅದರ ಪಕ್ಕ ಮದುಮಗನಂತೆ ನಿಂತಿದ್ದ.

"ಬನ್ನಿ ಬನ್ನಿ ದೊನ್ಯಾ ನಿಲ್ದಾ! ಬಹಳ ಇಳಿದುಹೋಗಿದೀರಿ."

"ನೀವು ಊದ್ಕೊಂಡಿದೀರಿ, ದೊನ್ ಎಚಾರ್ತೆ."

ನಲ್ಲಿಯ ಡುಮ್ಮ ಕಿಸಕ್ಕನೆ ನಕ್ಕ.

"ಪೀರಿಸ್‌ಗೆ ತಾಯಿ ಇಲ್ಲ. ಒಳ್ಳೇದೋ ಕೆಟ್ಟದೋ ನೋಡ್ಕೊಂಡು ಹೋಗೋಣ ಅಂತ ಬಂದೆ. ನಂಗೇನು ಗೊತ್ತಾಗತ್ತೆ? ನೀವೇ ಹೇಳಿ."

ಎಚಾರ್ತೆಗೆ ಅಷ್ಟು ಸಾಕಾಗಿತ್ತು. ಬುರುಡೆ ಕೆಳಗಿಟ್ಟ. ಒಂದು ಡ್ರಮ್ಮಿನ ತೊಗಲು ಬಿಚ್ಚಿ ಗೆಣ್ಣಿನಿಂದ ಮೈಗೆ ಬಡಿದ. ಆಮೇಲೆ ಅದನ್ನು ಒಂದು ಗಾಜಿನ ಮೇಲೆ ಕವುಚಿ, ಒಳಗೆ ಬ್ಯಾಟರಿ ಹೊತ್ತಿಸಿ, ಮೇಲೆ ಕಂಬಳಿ ಮುಚ್ಚಿ, ಜನರನ್ನು ಬಗ್ಗಿಸಿ ತೋರಿಸಿದ.

"ನೋಡಿ. ಅಂಚಿನ ಸಂದಿಯಿಂದ ಒಂದೆಳೆ ಬೆಳಕು ಬರ್ತಿದ್ಯಾ? ಇಲ್ಲ. ಮನುಷ್ಯನ ಕೈಯಲ್ಲಿ ಆಗೋ ಕೆಲಸ ಅಲ್ಲ ಇದು. ಶಿಕಾಗೋ ಯಂತ್ರದ್ದು."

ನಿಲ್ದಾಗೆ ಕಿಟಕಿಯ ರಟ್ಟು ನೆನಪಾಯಿತು. ಉಗುರಿನ ಸಂದಿಯಲ್ಲಿ ಮರದ ಪುಡಿ ತುಂಬಿದ ಕೈ ನೆನಪಾಯಿತು.

"ಹಾಗಾದ್ರೆ ಒಳ್ಳೇ ಡ್ರಮ್ಮು ಅನ್ನಿ."

"ಇದಕ್ಕಿಂತ ಒಳ್ಳೇದು ನನ್ನ ಕಿವಿ ಕೇಳಿಲ್ಲ."

"ನನ್ನ ಕಿವಿ ಮಂದ. ಜೋರಾಗಿ ಹೇಳಿ."

"ಈ ಊರಲ್ಲಿ ಇದಕ್ಕಿಂತ ಒಳ್ಳೇ ಡ್ರಮ್ಮಿಲ್ಲ!" ಅಂತ ಕೂಗಿದ. ಬಾಳೆಹಣ್ಣು ಕೊಳ್ಳುತ್ತಿದ್ದವರೂ ತಿರುಗಿದರು. ಅಷ್ಟಕ್ಕೇ ಬಿಡಲಿಲ್ಲ, ದನಿ ಇಳಿಸಿ ಸೇರಿಸಿದ. "ನೀವು ಬೇಜಾರು ಮಾಡ್ಕೋಬೇಡಿ. ವಾಲ್ದೆಮಾರಂದು ಇದರ ಪಕ್ಕ ಇಟ್ರೆ ಬಿಸ್ಕತ್ತು ಡಬ್ಬಿ."

"ಆ ಡಬ್ಬಿ ಏನಾಯ್ತು?"

"ಅಯ್ಯೋ, ಬೇಕರಿ ಒಲೆಗೆ ಹೋಯ್ತು ದೊನ್ಯಾ. ಯಾರು ತಗೋತಾರೆ?"

"ಹೌದಾ? ಆ ಉಣ್ಣೆ ಅಂತೆ, ಅದೊಂದು ನೋಡ್ಬೇಕಿತ್ತು."

ಅವನು ಖುಷಿಯಿಂದಲೇ ಸ್ಕ್ರೂ ಬಿಚ್ಚಿದ. ಒಂದು ಗೂಡು ಕಳಚಿ ಕೆಂಪು ಚೂರನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದ. ನಿಲ್ದಾ ತೆಗೆದುಕೊಂಡು ತಿರುವಿ ನೋಡಿದಳು.

"ಇನ್ನೊಂದು."

ಇನ್ನೊಂದು ಬಿಚ್ಚಿದ.

"ಇನ್ನೊಂದು."

"ಎಲ್ಲಾ ಒಂದೇ ದೊನ್ಯಾ. ಶಿಕಾಗೋದವರು..."

"ತೆಗಿಯೋ ಬೋಳ, ಹೆಂಗಸು ಕೇಳ್ತಿಲ್ವಾ!" ಅಂದ ಡುಮ್ಮ. ಅವನಿಗೆ ಅಂದು ಬೋಣಿಯಾಗಿರಲಿಲ್ಲ, ತಮಾಷೆ ಬೇಕಿತ್ತು. ಸುತ್ತ ನಿಂತವರೂ ಹೋ ಅಂದರು. ಪೀರಿಸ್ ತಾನೇ ಸ್ಕ್ರೂಡ್ರೈವರ್ ಕಿತ್ತುಕೊಂಡು ಬಿಚ್ಚತೊಡಗಿದ. ಕೆಂಪು ಚೂರುಗಳು ನಿಲ್ದಾಳ ಕೈಯಲ್ಲಿ ತುಂಬಿದವು. ದೊಡ್ಡ ಡ್ರಮ್ಮಿನ ಗೂಡೊಂದರಿಂದ ಹಳದಿ ದಾರವಿದ್ದ ಚೂರು ಹೊರಬಂತು.

ನಿಲ್ದಾ ಚೀಲದಿಂದ ಕೋಟು ತೆಗೆದಳು. ಕೊಡವಿ ಹಾಕಿಕೊಂಡಳು. ಗುಂಡಿ ಹಾಕಿದಳು. ಮೊಣಕಾಲಿನವರೆಗೆ ಕತ್ತರಿಸಿದ ಕೆಂಪು ಕೋಟು. ಜೇಬಿನ ಕೆಳಗಿನ ಅರ್ಧ ಹಳದಿಗೆ ಆ ಚೂರನ್ನು ಹಚ್ಚಿ ಹಿಡಿದಳು. ತೂತು ಮುಚ್ಚಿಕೊಂಡಿತು.

ಮೊದಲು ಬಾಯಿಬಿಟ್ಟವನು ಡುಮ್ಮನೇ. "ನಿಲ್ದಾ, ನೀನು ಶಿಕಾಗೋದವಳು ಅಂತ ಹೇಳೇ ಇಲ್ವಲ್ಲ!"

ಬೀದಿಯೇ ನಕ್ಕಿತು. ಎಚಾರ್ತೆಯ ಬೋಳುತಲೆ ಕೋಟಿನ ಬಣ್ಣಕ್ಕೆ ಬಂತು.

"ಕೆಂಪು ಉಣ್ಣೆ ಎಲ್ಲಾ ಕಡೆ ಇರತ್ತೆ..."

"ಹಳದಿ ದಾರವೂ ಇರತ್ತಾ?" ನಿಲ್ದಾ ಮುಂದೆ ಬಂದಳು. ಅವಳ ಬಾಯಲ್ಲಿ ದೊನ್ ಹೋಗಿತ್ತು, ನೀವೂ ಹೋಗಿತ್ತು. "ನೋಡು ಬೋಳ. ಇದು ನನ್ನ ಗಂಡನ ಡ್ರಮ್ಮು. ಈಗ ಇಲ್ಲಿ ಇಷ್ಟು ಜನದೆದುರು ಹೇಳು. ಡ್ರಮ್ಮು ಕೆಟ್ಟದ್ದಾ? ಹಾಗಾದ್ರೆ ಪೀರಿಸ್‌ಗೆ ಟೋಪಿ ಹಾಕೋಕೆ ನಿಂತಿದೀಯಾ. ಒಳ್ಳೇದಾ? ಹಾಗಾದ್ರೆ ಅವತ್ತು ನನ್ನ ಅಡುಗೆಮನೇಲಿ ಸುಳ್ಳು ಹೇಳ್ದೆ, ಹೆಣದ ಮುಂದೆಯೂ ಸುಳ್ಳು ಹೇಳ್ದೆ. ಯಾವುದು? ಆರಿಸ್ಕೋ."

"ದೊನ್ಯಾ, ಆ ಕಡೆ ಹೋಗಿ ಮಾತಾಡೋಣ..."

"ಹೆಣದ ಮುಂದೆ ಮಾತಾಡುವಾಗ ಆ ಕಡೆ ಹೋಗಿದ್ಯಾ?"

ಎಚಾರ್ತೆ ಸುತ್ತ ನೋಡಿದ. ನೋಡಿದ ಕಡೆಯಲ್ಲೆಲ್ಲ ಅವನ ಮಾತು ನಂಬಿ ಡ್ರಮ್ಮು ಕೊಂಡವರು, ಅವನ ಮಾತು ನಂಬಿ ಡ್ರಮ್ಮು ಮಾರಿದವರು. ಅವರ ಮುಖದಲ್ಲಿ ಆಗಲೇ ತಮ್ಮ ತಮ್ಮ ಲೆಕ್ಕ ಶುರುವಾಗಿತ್ತು.

"ಒಳ್ಳೇದು" ಅಂದ.

"ಯಾರದ್ದು?"

"ವಾಲ್ದೆಮಾರಂದು."

"ಕಿವಿ ಮಂದ ಅಂದೆನಲ್ಲ."

"ವಾಲ್ದೆಮಾರನ ಡ್ರಮ್ಮು ಒಳ್ಳೇದು!"

ನಿಲ್ದಾ ಚೂರುಗಳನ್ನೆಲ್ಲ ಕೋಟಿನ ಜೇಬಿಗೆ ಹಾಕಿಕೊಂಡಳು. ಅವಳ ಸಿಟ್ಟು ತಣ್ಣಗಾಗಲಿಲ್ಲ. ಆಗುತ್ತದೆ ಅಂದುಕೊಂಡಿದ್ದಳು.

ಜನ ಎಚಾರ್ತೆಯನ್ನು ಹಾಗೇ ಬಿಡಲಿಲ್ಲ. ಪೀರಿಸ್‌ನ ಮೋಟಾರ್ ಬೈಕು ವಾಪಸಾಯಿತು. ನಿಲ್ದಾಗೆ ಏನು ಕೊಟ್ಟು ಒಯ್ದಿದ್ದನೋ ಅಷ್ಟನ್ನೇ ತೆಗೆದುಕೊಂಡು ಡ್ರಮ್ಮು ಹಿಂದೆ ಕೊಡಬೇಕೆಂದು ಡುಮ್ಮ ತೀರ್ಪು ಹೇಳಿದ. ಆ ಹಣ ಪೀರಿಸ್ ಕೊಟ್ಟ. ತಳ್ಳುಗಾಡಿಯಲ್ಲಿ ಡ್ರಮ್ಮು ಲಾ ಉನಿಯೋನ್‌ಗೆ ಬಂತು. ಬಿಲ್ಲೆಯನ್ನು ನಿಲ್ದಾ ಉಳಿ ಹಾಕಿ ಕಿತ್ತಳು. ಕಪ್ಪು ಹೊದಿಕೆಯ ಕೆಳಗೆ ಬೆಳ್ಳಿ ಬಣ್ಣ ಇರಬಹುದೆಂದು ಒಂದು ಮೂಲೆ ಎಬ್ಬಿಸಿದಳು. ಇರಲಿಲ್ಲ. ಅವನು ಕೆರೆದು ಹಾಕಿದ್ದ. ಬರಿ ಮರ. ಎಬ್ಬಿಸಿದ ಮೂಲೆಯನ್ನು ಒತ್ತಿ ಅಂಟಿಸಿದಳು. ಆಮೇಲೆ ಚೂರುಗಳನ್ನು ಒಂದೊಂದಾಗಿ ಗೂಡಿಗೆ ಹಾಕಿದಳು. ಕಂಬಳಿ ತಂದು ಹೊದಿಸಿದಳು.

ಮಾರನೆಯ ದಿನ ಪೀರಿಸ್‌ನನ್ನು ಕರೆದಳು.

"ತಗೊಂಡು ಹೋಗು, ಬಾರ್ಸು. ಒಂದೇ ಷರತ್ತು. ಎಲ್ಲಿ ಬಾರ್ಸಿದ್ರೂ, ಮೊದಲ ನಿಧಾನದ ಹಾಡು ಮುಗಿದ ಮೇಲೆ ಮೈಕು ಹಿಡಿದು ಹೇಳ್ಬೇಕು. 'ಇದು ವಾಲ್ದೆಮಾರ್ ಸಿಲ್ವೇರನ ಡ್ರಮ್ಮು. ಎಚಾರ್ತೆ ಇದನ್ನ ಸೌದೆ ಅಂತ ಕೊಂಡ, ಶಿಕಾಗೋ ಅಂತ ಮಾರೋಕೆ ನೋಡಿದ.' ಅಷ್ಟೇ. ಒಂದು ಮಾತು ಹೆಚ್ಚೂ ಬೇಡ, ಕಮ್ಮಿನೂ ಬೇಡ."

"ಎಷ್ಟು ದಿನ ದೊನ್ಯಾ?"

"ಡ್ರಮ್ಮು ಒಡೆಯೋವರೆಗೆ."

ಪೀರಿಸ್‌ಗೆ ಬಾಯಿ ಇದ್ದದ್ದು ಆಗ ಉಪಯೋಗಕ್ಕೆ ಬಂತು. ಶನಿವಾರ ಶನಿವಾರ ಹೇಳಿದ. ಜನರಿಗೆ ಅದು ಹಾಡಿಗಿಂತ ಹಿಡಿಸಿತು. ಅವನು "ಎಚಾರ್ತೆ" ಅಂದರೆ ಕುಣಿಯುವವರೆಲ್ಲ "ಶಿಕಾಗೋ!" ಎಂದು ಕೂಗಿ ನೆಲ ಒದೆಯತೊಡಗಿದರು. ಸಂತೆಯಲ್ಲಿ ಎಚಾರ್ತೆ ಏನನ್ನು ಬಡಿದರೂ ಯಾರೋ ಹಿಂದಿನಿಂದ ಶಿಕಾಗೋ ಅನ್ನುತ್ತಿದ್ದರು. ಕೊಳ್ಳಲು ಬಂದವರು ಮೊದಲು ಸ್ಕ್ರೂಡ್ರೈವರ್ ಕೇಳುತ್ತಿದ್ದರು. ಅವನ ಮಗಳ ಮದುವೆಗೆ ಆರ್ಕೆಸ್ಟ್ರಾ ಕರೆಸಿದರು. ಬೀಗರ ಕಡೆಯವರು ಕರೆಸಿದ್ದು, ಅವರಿಗೆ ಗೊತ್ತಿರಲಿಲ್ಲ. ಪೀರಿಸ್ ಅಲ್ಲಿಯೂ ಹೇಳಿದ.

ಆ ಮದುವೆ ಕಳೆದ ಮೇಲೆ ಒಂದು ಸಂಜೆ ಎಚಾರ್ತೆ ನಿಲ್ದಾಳ ಬಾಗಿಲಿಗೆ ಬಂದ. ಕೈಯಲ್ಲಿ ಅದೇ ಬೇಕರಿಯ ಕಾಗದದ ಪೊಟ್ಟಣ, ಬಿಸಿಗೆ ಎಣ್ಣೆ ಮೆತ್ತಿಕೊಂಡಿತ್ತು. ಬಹಳ ಇಳಿದುಹೋಗಿದ್ದ.

"ಸಾಕು ಮಾಡಿ ದೊನ್ಯಾ ನಿಲ್ದಾ. ಮಗಳು ನನ್ನ ಹತ್ರ ಮಾತಾಡ್ತಿಲ್ಲ. ಏನು ಬೇಕಾದ್ರೂ ಕೇಳಿ."

"ಏನು ಬೇಕಾದ್ರೂ?"

"ಏನು ಬೇಕಾದ್ರೂ."

"ಆಸ್ಪತ್ರೇಲಿ ಅವರು ಕೇಳಿದ್ರು, ಡ್ರಮ್ಮಿಗೆ ಹೊದಿಸಿದೀಯಾ ಅಂತ. ಹೋಗಿ ಅವರಿಗೆ ನಿಜ ಹೇಳಿ ಬಾ."

ನಿಲ್ದಾ ಪೊಟ್ಟಣ ಇಸಿದುಕೊಂಡಳು. ಬಿಚ್ಚಿದಳು. ಒಂದೊಂದೇ ಬಿಸ್ಕತ್ತನ್ನು ತೆಗೆದು ಬೀದಿನಾಯಿಯ ಕಡೆ ಎಸೆದಳು, ಅವನ ಕಣ್ಣೆದುರೇ. ನಾಯಿ ಎಲ್ಲವನ್ನೂ ತಿಂದಿತು. ಖಾಲಿ ಕಾಗದವನ್ನು ಮಡಿಸಿ ಅವನ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡಳು.

ಅಂದು ಶನಿವಾರ. ಕೋಟು ಹಾಕಿಕೊಂಡು ಕ್ಲಬ್ಬಿಗೆ ಹೊರಟಳು. ನಿಧಾನದ ಹಾಡು ಮುಗಿಯುವ ಮೊದಲು ಮುಟ್ಟಬೇಕಿತ್ತು.